ಹೋಳಿಗೆ ಅಕ್ಷರ

ಸೆಪ್ಟೆಂಬರ್ ೧೨, ಗುರುವಾರ. ಹಾನಗಲ್ಲ

ಮೂರು ವರ್ಷದ ಕೆಲಸ ಇವತ್ತು ಮಧ್ಯಾಹ್ನ ಮುಗಿಯಿತು. ಯಾರಾದರೂ ಬಂದು ಹಾರ ಹಾಕಬಹುದೇನೋ ಎಂದು ಅಂಗಡಿಯಲ್ಲಿ ಐದು ನಿಮಿಷ ಸುಮ್ಮನೆ ಕುಳಿತೆ. ಬಂದವನು ಒಬ್ಬನೇ. ಆಧಾರ್ ಕಾರ್ಡಿನ ಝೆರಾಕ್ಸ್ ಬೇಕೆಂದ. ಮಾಡಿಕೊಟ್ಟೆ.

ದೊಡ್ಡ ಕಲಾವಿದರು ದಿನಚರಿ ಬರೆಯುತ್ತಾರಂತೆ. ನಾನು ಬಸ್ ನಿಲ್ದಾಣದ ಎದುರು ಲಗ್ನಪತ್ರಿಕೆ, ಶ್ರದ್ಧಾಂಜಲಿ, ಬ್ಯಾನರ್ ಮಾಡುವ ಧೀರೇಂದ್ರ. ಆದರೂ ಒಂದು ನೋಟ್‌ಬುಕ್ ತಂದಿದ್ದೇನೆ. ನಾಳೆ ಯಾರಾದರೂ ‘ಈ ಅಕ್ಷರ ಹೇಗೆ ಹುಟ್ಟಿತು ಸರ್?’ ಎಂದು ಕೇಳಿದರೆ ದಾಖಲೆ ಇರಬೇಕಲ್ಲ.

ದಾಖಲೆ ಹೀಗೆ. ಇದು ಕಂಪ್ಯೂಟರಿಗಾಗಿ ನಾನೇ ಬರೆದ ಕನ್ನಡ ಫಾಂಟು. ದಪ್ಪ ಅಕ್ಷರ. ಇಂಗ್ಲಿಷ್ ಪುಸ್ತಕಗಳಲ್ಲಿ ಗೆರೆ ಮುಗಿಯುವ ಕಡೆ ಸಣ್ಣ ಪಾದವಿರುತ್ತದೆ, ಸೆರಿಫ್ ಎನ್ನುತ್ತಾರೆ. ಅಂಥ ಪಾದವನ್ನು ನಮ್ಮ ಅಕ್ಷರಗಳಿಗೂ ಕೊಟ್ಟಿದ್ದೇನೆ. ಎಲ್ಲೂ ಚೂಪಿಲ್ಲ, ಎಲ್ಲ ಮೂಲೆಯೂ ದುಂಡು. ದೂರದಿಂದ ನೋಡಿದರೆ ಮೈಕೈ ತುಂಬಿಕೊಂಡ ಹಿರಿಯರೊಬ್ಬರು ಕಟ್ಟೆಯ ಮೇಲೆ ಕುಳಿತು ‘ಬಾರಪಾ, ಊಟ ಆತೇನು?’ ಎಂದಂತೆ ಕಾಣಬೇಕು. ಹೆಸರು ‘ಧೀರ’. ನನ್ನ ಹೆಸರಿನ ಅರ್ಧ. ಪೂರ್ತಿ ಇಟ್ಟರೆ ಜಂಬ ಎಂದಾರು.

ಸಂಜೆ ಮೃಣಾಲಿನಿಗೆ ತೋರಿಸಿದೆ. ನನ್ನ ಹೆಂಡತಿ ಅಕ್ಕಿಆಲೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಸಾಬೀತಾಗದ ಯಾವುದನ್ನೂ ಒಪ್ಪುವವಳಲ್ಲ. ಕನ್ನಡಕ ಏರಿಸಿಕೊಂಡು ನೋಡಿದಳು.

“ಇವು ಅಕ್ಷರ ಅಲ್ರಿ, ಹೋಳಿಗಿ. ಹೂರಣ ಛಲೋ ತುಂಬೀರಿ. ಮ್ಯಾಲೆ ತುಪ್ಪ ಹಾಕೋದೊಂದು ಬಾಕಿ ಅದ.”

ನಾನು ನಗಲಿಲ್ಲ. ಆದರೆ ಆಗಿನಿಂದ ನನ್ನ ಬಾಯಲ್ಲೂ ಹೋಳಿಗೆ ಎಂದೇ ಬರುತ್ತಿದೆ.

ಸೆಪ್ಟೆಂಬರ್ ೧೮, ಬುಧವಾರ

ಹುಬ್ಬಳ್ಳಿಯ ಪ್ರಕಾಶಕರೊಬ್ಬರಿಗೆ ಮಾದರಿ ಕಳಿಸಿದ್ದೆ. ಉತ್ತರ ಬಂತು. ‘ಪುಸ್ತಕದ ಒಳಪುಟಕ್ಕೆ ಬಹಳ ದಪ್ಪವಾಯಿತು. ಓದುತ್ತಿದ್ದರೆ ಯಾರೋ ಕಿವಿಯ ಹತ್ತಿರ ನಿಂತು ಜೋರಾಗಿ ಮಾತನಾಡಿದಂತೆ ಆಗುತ್ತದೆ.’

ನಮ್ಮ ಮನೆತನವೇ ಹಾಗೆ ಮಾತನಾಡುತ್ತದೆ. ಅವರಿಗೆ ಹೇಗೆ ತಿಳಿಯಬೇಕು.

ಸೆಪ್ಟೆಂಬರ್ ೨೨, ಭಾನುವಾರ

ಮೃಣಾಲಿನಿ ಸವಣೂರಿಗೆ ಹೋಗಿ ಬಂದಳು. ಅಲ್ಲಿ ನನ್ನ ಅಣ್ಣ ವಿಠ್ಠಲನಿದ್ದಾನೆ. ನಿವೃತ್ತ ಕನ್ನಡ ಮಾಸ್ತರ. ನಾನು ಹೋಗುವುದಿಲ್ಲ. ಯಾಕೆ ಹೋಗುವುದಿಲ್ಲ ಎಂಬುದನ್ನೂ ದಾಖಲೆಯಲ್ಲಿ ಇಡುತ್ತೇನೆ.

ನಾಲ್ಕು ವರ್ಷದ ಹಿಂದೆ ನಮ್ಮ ಮನೆಯ ಗೃಹಪ್ರವೇಶ. ಆಮಂತ್ರಣವನ್ನು ನಾನೇ ಮುದ್ರಿಸಿದ್ದೆ. ಅಣ್ಣ ಅದರಲ್ಲಿ ಕೆಂಪು ಶಾಯಿಯಿಂದ ಹನ್ನೊಂದು ತಪ್ಪು ಗುರುತಿಸಿಕೊಂಡು ಬಂದ. ಬಂದವನು ಸುಮ್ಮನಿರಬೇಕೋ ಬೇಡವೋ? ಊಟದ ಪಂಕ್ತಿಯಲ್ಲಿ, ನೂರು ಜನರ ಮುಂದೆ, ಒಂದೊಂದನ್ನೇ ಓದಿದ. ಮುದ್ರಣದವನ ಮನೆಯ ಆಮಂತ್ರಣ ಎಂದು ಜನ ನಕ್ಕರು. ಅವತ್ತಿನಿಂದ ಮಾತು ಬಿಟ್ಟೆ. ಹನ್ನೊಂದರಲ್ಲಿ ಎರಡು ತಪ್ಪುಗಳು ತಪ್ಪೇ ಅಲ್ಲ ಎಂದು ನಿಘಂಟು ನೋಡಿ ಖಚಿತ ಮಾಡಿಕೊಂಡಿದ್ದೇನೆ.

ಈಗ ಅವನಿಗೆ ಕಣ್ಣು ಸರಿಯಿಲ್ಲವಂತೆ. ವೈನಿ, ಅಂದರೆ ಅತ್ತಿಗೆ ಪದ್ಮಾಬಾಯಿ, ಮೃಣಾಲಿನಿಯ ಮುಂದೆ ಅತ್ತರಂತೆ. ಕಣ್ಣಿನ ಒಳಪರದೆ ನಡುವೆ ಸವೆದಿದೆ. ನೋಡಿದ್ದರ ಮಧ್ಯಕ್ಕೆ ಕಪ್ಪು ಮಚ್ಚೆ ಬರುತ್ತದೆ, ಅಂಚು ಮಾತ್ರ ಕಾಣುತ್ತದೆ. ಪೇಪರನ್ನು ಮೂಗಿಗೆ ಹಿಡಿದುಕೊಂಡು ಕೂರುತ್ತಾನಂತೆ.

ನನಗೆ ಸಂಬಂಧಿಸಿದ್ದಲ್ಲ. ಆದರೂ ಕಸುಬಿನ ದೃಷ್ಟಿಯಿಂದ ಒಂದು ಮಾತು: ಪೇಪರಿನ ಅಕ್ಷರ ನಿಜಕ್ಕೂ ತೆಳು. ಇವತ್ತಿನ ಜಿಲ್ಲಾ ಸುದ್ದಿಯ ಒಂದು ಪುಟವನ್ನು ಹೋಳಿಗೆಯಲ್ಲಿ, ಇಪ್ಪತ್ನಾಲ್ಕು ಪಾಯಿಂಟಿನಲ್ಲಿ, ಅಂದರೆ ಪೇಪರಿನ ಅಕ್ಷರದ ಎರಡು ಪಟ್ಟಿಗೂ ಹೆಚ್ಚು ಗಾತ್ರದಲ್ಲಿ, ಹಾಕಿ ನೋಡಿದೆ. ಪರೀಕ್ಷೆಗೆ. ಮುಂದಿನ ವಾರ ಮೃಣಾಲಿನಿಯ ಚೀಲದಲ್ಲಿ ಇಡುತ್ತೇನೆ. ಯಾರು ಕಳಿಸಿದರು ಎಂದು ಹೇಳಬಾರದೆಂದು ಅವಳಿಗೆ ತಾಕೀತು ಮಾಡಿದ್ದೇನೆ.

ಸೆಪ್ಟೆಂಬರ್ ೩೦, ಸೋಮವಾರ

ಪುಟ ವಾಪಸ್ ಬಂದಿದೆ. ಕೆಂಪು ಶಾಯಿ!

ಸಾಲುಗಳು ಗಾಳಿಗೆ ಸಿಕ್ಕಂತೆ ಓರೆಯಾಗಿ ಓಡಿವೆ, ಆದರೆ ಕೈ ಅವನದೇ. ‘ರೈತರಿಗೆ ಧನಸಹಾಯ’ ಎಂಬ ಸುದ್ದಿ. ನನ್ನ ಹೋಳಿಗೆಯ ಹೂರಣ ಉಬ್ಬಿ ‘ಧ’ದ ಕೆಳಗಿನ ಸೀಳು ಮುಚ್ಚಿಹೋಗಿದೆ. ಓದಿದರೆ ‘ರೈತರಿಗೆ ದನಸಹಾಯ’. ಪಕ್ಕದಲ್ಲಿ ಅಣ್ಣನ ಷರಾ: ‘ದನಗಳು ರೈತರಿಗೆ ಸಹಾಯ ಮಾಡುವುದು ಹೊಸ ಸುದ್ದಿಯಲ್ಲ.’

ಅದರ ಕೆಳಗೆ: ‘ನಮ್ಮ ಕಡೆಯವರ ಬಾಯಲ್ಲಿ ಮಹಾಪ್ರಾಣ ಇಲ್ಲ. ಕಾಗದದಲ್ಲಾದರೂ ಉಳಿಯಲಿ.’

ಮೃಣಾಲಿನಿಯನ್ನು ಕೇಳಿದೆ, “ಯಾರು ಕಳಿಸಿದ್ದು ಅಂತ ಹೇಳಿದೇನು?”

“ನಾ ಎಲ್ಲಿ ಹೇಳೀನ್ರಿ? ಪುಟ ಮುಟ್ಟಿದ ಕೂಡ್ಲೇ, ‘ಧೀರ್ಯಾನ ಕೆಲಸ ಇದು, ತಪ್ಪು ಅವಂದೇ’ ಅಂದ್ರು.”

ಕೋಪದಿಂದ ಕಂಪ್ಯೂಟರ್ ಹಚ್ಚಿ ನನ್ನ ಹೆಸರು ಬರೆದು ನೋಡಿದೆ. ಮೂರು ವರ್ಷ ‘ಧೀರ’ ಎಂದುಕೊಂಡಿದ್ದೆ. ಪರದೆಯ ಮೇಲೆ ‘ದೀರ’ ಕುಳಿತಿದ್ದ.

ಅಕ್ಟೋಬರ್ ೫, ಶನಿವಾರ

ಧ, ಭ, ಫ, ಢ. ನಾಲ್ಕು ದಿನದಿಂದ ಸೀಳುತ್ತಿದ್ದೇನೆ. ಬೇರೆ ಕೆಲಸ ಬಾಕಿ.

ಅಕ್ಟೋಬರ್ ೯, ಬುಧವಾರ

ಹಿರೇಕೆರೂರ ಕಡೆಯ ಮಾಲತೇಶ ಬಂದಿದ್ದ. ದೀಪಾವಳಿಯ ಹೋರಿ ಬೆದರಿಸುವ ಸ್ಪರ್ಧೆಗೆ ಅವನ ಹೋರಿ ಇಳಿಯುತ್ತದೆ. ಅದಕ್ಕೆ ಬ್ಯಾನರ್ ಬೇಕು. ಪರದೆಯ ಮೇಲೆ ಹೋಳಿಗೆ ತೆರೆದಿತ್ತು. ಕಂಡವನೇ ಸ್ಟೂಲಿನಿಂದ ಎದ್ದು ನಿಂತ.

“ಇದರಾಗ ಹಾಕ್ರಿ ಸರ. ಅಕ್ಷರ ನೋಡಿದ್ರ ಹೋರಿ ಎದಿಮ್ಯಾಲೆ ಬಂದಂಗ ಆಗಾಕತ್ತೈತಿ.”

“ಇದು ಪುಸ್ತಕಕ್ಕ ಅಂತ ಮಾಡಿದ್ದಪಾ.”

“ಪುಸ್ತಕ ಯಾರು ಓದ್ತಾರ್ರಿ? ನಮ್ಮ ಹೋರಿ ನೋಡಾಕ ಹತ್ತು ಸಾವಿರ ಮಂದಿ ಬರ್ತಾರ.”

ವಾದಕ್ಕೆ ಎಡೆಯಿಲ್ಲ. ಹೋರಿಯ ಹೆಸರೇನು ಎಂದೆ. ಮೊಬೈಲಿನಲ್ಲಿ ತೋರಿಸಿದ: ‘ದೂಮಕೇತು’.

“ಧೂಮಕೇತು. ಧಕ್ಕ ಸೀಳು ಬೇಕು.”

“ಸೀಳು ಯಾಕ್ರಿ? ನಾವೆಲ್ಲಾ ದೂಮಕೇತು ಅಂತನ ಕರೀತೇವಿ. ಹೋರಿನೂ ಅದಕ್ಕ ಓ ಅಂತೈತಿ.”

ಗಿರಾಕಿ ಹೇಳಿದಂತೆ ಹಾಕುವುದು ಇಪ್ಪತ್ತಾರು ವರ್ಷದ ನನ್ನ ಧರ್ಮ. ಆದರೆ ಇವತ್ತು ಯಾಕೋ ಅರ್ಧ ತಾಸು ಜಗಳ ಕಾದೆ. ಕೊನೆಗೆ, ಸೀಳು ಇದ್ದರೆ ಅಕ್ಷರಕ್ಕೆ ಗೊರಸು ಬಂದಂತೆ ಕಾಣುತ್ತದೆ ಎಂದಾಗ ಒಪ್ಪಿದ.

ಅಕ್ಟೋಬರ್ ೨೪, ಗುರುವಾರ

ಶಿಗ್ಗಾಂವಿಗೆ ಒಂದು ಖಾನಾವಳಿಯ ಬೋರ್ಡು ಕೊಡಲು ಹೋಗಿದ್ದೆ. ಅಲ್ಲಿ ಸವಣೂರಿನ ಬಸ್ಸು ತಾನಾಗಿ ಎದುರು ಬಂದು ನಿಂತಿತು. ಚೀಲದಲ್ಲಿ ತಿದ್ದಿದ ಪುಟಗಳೂ ಹೇಗೋ ಇದ್ದವು.

ವೈನಿ ಬಾಗಿಲು ತೆಗೆದವರು ಒಳಗೆ ಹೋಗಿ ನೀರು ತಂದರು. ಅಣ್ಣ ಕಿಟಕಿಯ ಹತ್ತಿರ ಆರಾಮ ಕುರ್ಚಿಯಲ್ಲಿದ್ದ. ಸೊರಗಿದ್ದಾನೆ.

“ಯಾರು?”

“ನಾನು.”

“ನಾನು ಅಂದ್ರ? ಸರ್ವನಾಮ ಹೇಳಬ್ಯಾಡ, ನಾಮಪದ ಹೇಳು.”

“ಧೀರೇಂದ್ರ.”

“ಹೂಂ. ‘ಧ’ ಸುಧಾರಿಸ್ಯದ. ಕೂಡು.”

ಕುಳಿತೆ. ಮಾತನಾಡುವಾಗೆಲ್ಲ ಅವನು ಮುಖ ಆಚೆ ತಿರುಗಿಸಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಪುಟ ಕೊಟ್ಟರೆ ಅದನ್ನೂ ಓರೆಯಲ್ಲಿ ಹಿಡಿದು ಬೇರೆಲ್ಲೋ ನೋಡಿದ. ನಾಲ್ಕು ವರ್ಷದ ಮೇಲೆ, ಎರಡು ಬಸ್ಸು ಹತ್ತಿ ಬಂದ ತಮ್ಮನ ಮುಖ ನೋಡದಷ್ಟು ಅಹಂಕಾರ! ಚಹಾ ಅರ್ಧಕ್ಕೆ ಬಿಟ್ಟು ಎದ್ದೆ.

ವೈನಿ ಅಂಗಳದ ತನಕ ಬಂದರು. “ಸಿಟ್ಟು ಮಾಡ್ಕೋಬ್ಯಾಡ್ರಿ. ನಿಮ್ಮನ್ನ ನೋಡ್ಬೇಕಂದ್ರ ಅವರು ಹಂಗ ಆಚೆ ನೋಡ್ಬೇಕು. ಎದುರಿಗೆ ನೋಡಿದ್ರ ಮುಖ ಇರೋ ಕಡೆ ಕಪ್ಪು ಕಾಣ್ತದಂತ. ನೀವು ಬಂದಾಗಿಂದ ಒಂದ್ಸವನ ನಿಮ್ಮನ್ನ ನೋಡ್ಲಿಕ್ಕತ್ತಾರ.”

ಬಸ್ಸಿನಲ್ಲಿ ಕುಳಿತ ಮೇಲೆ, ಅರ್ಧ ಉಳಿಸಿದ ಚಹಾ ನೆನಪಾಯಿತು. ವೈನಿಯ ಚಹಾ ಚೆನ್ನಾಗಿರುತ್ತದೆ. ಅದಕ್ಕೇ ಬೇಜಾರಾಯಿತು, ಬೇರೆ ಏನಲ್ಲ.

ನವೆಂಬರ್ ೪, ಸೋಮವಾರ

ಧೂಮಕೇತು ಯಾರ ಕೈಗೂ ಸಿಗಲಿಲ್ಲವಂತೆ. ಎಲ್ಲರೂ ಕೀಳಲು ನೋಡುವ ಕೊರಳಿನ ಕೊಬ್ಬರಿ ಸರವನ್ನು ಹಾಗೇ ಇಟ್ಟುಕೊಂಡು ಜನರ ನಡುವೆ ಹಾದು ಹೋಗಿದೆ. ಮಾಲತೇಶ ಫೋನಿನಲ್ಲಿ ಕೂಗಿದ: “ಸರ, ಅಕ್ಷರದ ಕಾಲ್ಗುಣ!” ಇವತ್ತು ಒಂದೇ ದಿನ ಏಳು ಹೋರಿಗಳ ಬ್ಯಾನರಿಗೆ ಬೇಡಿಕೆ ಬಂದಿದೆ. ಎಲ್ಲರೂ ‘ಆ ಹೋಳಿಗಿ ಅಕ್ಷರದಾಗ’ ಎನ್ನುತ್ತಾರೆ. ಸಾಹಿತ್ಯಕ್ಕೆಂದು ಹೆತ್ತ ಮಗು ಹೋರಿಯ ಹಿಂದೆ ಓಡುತ್ತಿದೆ.

ಅಣ್ಣನಿಗೆ ‘ಷ’ ಸಮಸ್ಯೆ. ‘ಪ’ದ ಹೊಟ್ಟೆಯಲ್ಲಿ ಒಂದು ಗೀಟು ಹಾಕಿದರೆ ‘ಷ’. ಅವನಿಗೆ ಹೊಟ್ಟೆಯೇ ಕಾಣುವುದಿಲ್ಲ. ಉಳಿಸಿದ ಚಹಾದ ಲೆಕ್ಕ ಮುಗಿಸಲು ಹೋದ ಗುರುವಾರ ಮತ್ತೆ ಸವಣೂರಿಗೆ ಹೋಗಿದ್ದೆ. ಅವನು ‘ಮಂತ್ರಿಗಳ ಭಾಪಣ’ ಎಂದು ಓದಿ, “ಮುದ್ರಣದೋಷ ಅಲ್ಲ, ಅವರು ಹಂಗೇ ಮಾತಾಡಿರಬೇಕು” ಎಂದ. ಹಾಗಾಗಿ ಗೀಟನ್ನು ಹೊಟ್ಟೆಯಿಂದ ಹೊರಗೆ ಎಳೆದು ಅಂಚಿಗೆ ತಂದಿದ್ದೇನೆ. ‘ಠ’ದ ಚುಕ್ಕೆಯನ್ನೂ ಹಾಗೇ. ಬಲ್ಲವರು ನೋಡಿದರೆ ನಕ್ಕಾರು. ನಗಲಿ.

ನವೆಂಬರ್ ೧೪, ಗುರುವಾರ

ಹುಬ್ಬಳ್ಳಿ. ಅಣ್ಣನ ಕಣ್ಣಿಗೆ ಇಂಜೆಕ್ಷನ್. ನಾನು ಹೊರಗೆ ಕುಳಿತಿದ್ದೆ. ಆಸ್ಪತ್ರೆಯ ಬೋರ್ಡುಗಳ ಅಕ್ಷರ ಬಹಳ ತೆಳು.

ನವೆಂಬರ್ ೨೧, ಗುರುವಾರ

ಅಣ್ಣನಿಗೆ ಮೂವತ್ತಾರು ಪಾಯಿಂಟು ಸಾಲದು. ನಲವತ್ತೆಂಟು.

ನವೆಂಬರ್ ೨೮, ಗುರುವಾರ

ಎಪ್ಪತ್ತೆರಡು. ಒಂದು ಸುದ್ದಿಗೆ ಹದಿನಾಲ್ಕು ಹಾಳೆ. ಬಸ್ಸಿನಲ್ಲಿ ಕಂಡಕ್ಟರ್ ‘ಲಗೇಜ್ ಏನ್ರಿ?’ ಎಂದ. ‘ಪೇಪರ್’ ಎಂದೆ. ‘ಎಷ್ಟು ವರ್ಷದ್ದು?’ ಎಂದ.

ಡಿಸೆಂಬರ್ ೫, ಗುರುವಾರ

ಬಹಳ ಸಂತೋಷದ ದಿನ. ಹೋದ ವಾರ ಬಿಟ್ಟು ಬಂದ ಹಾಳೆಗಳನ್ನು ಅಣ್ಣ ತಿದ್ದಿ ಇಟ್ಟಿದ್ದ. ಏನು ಅಂದದ ಕೈಬರಹ! ಓರೆಯಿಲ್ಲ, ನಡುಕವಿಲ್ಲ, ಸಾಲುಗಳು ನೂಲು ಹಿಡಿದಂತೆ ನೇರ. ಅಕ್ಷರ ರಂಗೋಲಿಯ ಹಾಗೆ ದುಂಡು. ಇಂಜೆಕ್ಷನ್ ಫಲ ಕೊಟ್ಟಿದೆ. ಅಥವಾ, ಸಂಕೋಚವಿಲ್ಲದೆ ಬರೆಯುತ್ತೇನೆ, ಹೋಳಿಗೆ ಫಲ ಕೊಟ್ಟಿದೆ. ದೊಡ್ಡಕ್ಷರ ಓದಿ ಓದಿ ಕಣ್ಣು ಪಳಗಿರಬೇಕು.

ಮೃಣಾಲಿನಿಗೆ ಹೇಳಿದೆ. ಏನೋ ಹೇಳಲು ಬಾಯಿ ತೆರೆದವಳು, “ಛಲೋ ಆತು ಬಿಡ್ರಿ” ಎಂದು ಚಪಾತಿ ಲಟ್ಟಿಸತೊಡಗಿದಳು. ಗಣಿತದವರಿಗೆ ಸಂತೋಷಪಡಲು ಬರುವುದಿಲ್ಲ.

ಡಿಸೆಂಬರ್ ೧೦, ಮಂಗಳವಾರ

ಹುಬ್ಬಳ್ಳಿಯ ಆ ಪ್ರಕಾಶಕರದೇ ಫೋನು! ಅವರ ಕಾರು ಹಿರೇಕೆರೂರ ರಸ್ತೆಯಲ್ಲಿ ಹೋಗುವಾಗ ಹೋರಿಯ ಬ್ಯಾನರ್ ನೋಡಿದರಂತೆ. “ಒಳಪುಟಕ್ಕಲ್ಲ, ಮುಖಪುಟಕ್ಕೆ ಈ ಅಕ್ಷರ ಬಹಳ ಒಪ್ಪುತ್ತದೆ. ಗುರುವಾರ ಬನ್ನಿ, ಕುಳಿತು ಮಾತನಾಡೋಣ” ಎಂದರು.

ಗುರುವಾರ ಆಗುವುದಿಲ್ಲ ಎಂದೆ. ಶುಕ್ರವಾರ ತಾವು ಊರಲ್ಲಿರುವುದಿಲ್ಲ ಎಂದರು. ಹಾಗಾದರೆ ಬರುವ ತಿಂಗಳು ನೋಡೋಣ ಎಂದೆ. ಗುರುವಾರ ಸವಣೂರಿನ ಬಸ್ಸಿನಲ್ಲಿ ಕೂರಲು ಜಾಗ ಸಿಗುತ್ತದೆ. ಬೇರೆ ದಿನ ಸಿಗುವುದಿಲ್ಲ.

ಡಿಸೆಂಬರ್ ೨೬, ಗುರುವಾರ

ಹೋಳಿಗೆ ಈಗ ಸವಣೂರಿನ ಒಂದು ಖಾರದ ಪೊಟ್ಟಣದ ಮೇಲಿದೆ, ಅಕ್ಕಿಆಲೂರಿನ ಅಕ್ಕಿ ಚೀಲದ ಮೇಲಿದೆ, ಹುಲಗೂರಿನ ಮಾಬೂಬಿಯವರ ಹೊಲಿಗೆ ಅಂಗಡಿಯ ಬೋರ್ಡಿನ ಮೇಲಿದೆ. ಒಂದು ಶ್ರದ್ಧಾಂಜಲಿಗೆ ಹಾಕಿದ್ದೆ, ಮನೆಯವರು ಬೇಡವೆಂದರು. ಸತ್ತವರು ಊಟಕ್ಕೆ ಕರೆದಂತೆ ಕಾಣುತ್ತದಂತೆ. ಅಕ್ಷರದ ಸ್ವಭಾವ ಗೊತ್ತಾಯಿತು: ಅದಕ್ಕೆ ಅಳಲು ಬರುವುದಿಲ್ಲ.

ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಕ್ಯಾಲೆಂಡರ್ ನೋಡುತ್ತ, ಅಂದರೆ ನನ್ನನ್ನು ನೋಡುತ್ತ, ಕೇಳಿಸಿಕೊಂಡ. ತಿದ್ದಿದ ಹಾಳೆಗಳು ಎಂದಿನಂತೆ ಮುತ್ತು.

ಜನವರಿ ೯, ಗುರುವಾರ

ಇವತ್ತು ಶಿಗ್ಗಾಂವಿಯಲ್ಲಿ ಕಾಯದೆ ಬಸ್ಸು ಸಿಕ್ಕಿತು. ಒಂದು ತಾಸು ಮೊದಲೇ ಮುಟ್ಟಿದೆ. ಬಾಗಿಲು ತೆರೆದಿತ್ತು.

ವೈನಿ ನೆಲದ ಮೇಲೆ ಕುಳಿತಿದ್ದರು. ಸುತ್ತಲೂ ನನ್ನ ಹಾಳೆಗಳು. ಕನ್ನಡಕ ಹಾಕಿಕೊಂಡು ಒಂದೊಂದು ಸಾಲು ಗಟ್ಟಿಯಾಗಿ ಓದುತ್ತಿದ್ದರು. ಅಣ್ಣ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದ್ದ.

“ಅಲ್ಲೇನು ಬರದಾನ, ‘ಜವಾಬ್ಧಾರಿ’ ಅಂತನೋ?”

“ಹೌದು. ಧಕ್ಕ ಸೀಳು ಅದ.”

“ಹಾಕು ಕೆಂಪು. ಕಲಿಸಿದ್ದು ಹೆಚ್ಚಾಗಿ ಈಗ ಎಲ್ಲಾ ಕಡೆ ಸೀಳ್ಲಿಕ್ಕತ್ತಾನ.”

ವೈನಿ ಕೆಂಪು ಪೆನ್ನಿನಿಂದ ಬರೆದರು. ದುಂಡಗೆ. ನೇರವಾಗಿ.

ಇಪ್ಪತ್ತಾರು ವರ್ಷ ಅಕ್ಷರವನ್ನೇ ನೋಡಿ ಬದುಕಿದವನು ನಾನು. ಗಿರಾಕಿಯ ಚೀಟಿ ನೋಡಿ ಅವನು ಯಾವ ಶಾಲೆಯಲ್ಲಿ ಕಲಿತವನೆಂದು ಹೇಳುತ್ತೇನೆಂಬ ಜಂಬ ಬೇರೆ. ಒಂದು ತಿಂಗಳಿಂದ ವೈನಿಯ ಕೈಬರಹವನ್ನು ಅಣ್ಣನದೆಂದು ಮನೆಗೆ ಒಯ್ದು ಮೆರೆದಿದ್ದೇನೆ. ಮೃಣಾಲಿನಿ ಮೊದಲ ದಿನವೇ ಗುರುತಿಸಿರಬೇಕು.

ಚಪ್ಪಲಿ ಕಾಲಲ್ಲೇ ನಿಂತಿದ್ದೆ. ವೈನಿ ನೋಡಿದರು, ಪೆನ್ನನ್ನು ಸೆರಗಿನಲ್ಲಿ ಮುಚ್ಚಿದರು.

“ಯಾವಾಗಿಂದ?” ಎಂದೆ.

ಉತ್ತರ ಕೊಟ್ಟವನು ಅಣ್ಣ. “ಇಂಜೆಕ್ಷನ್ ಆದ ಮ್ಯಾಲೆ ಹತ್ತು ದಿವಸಕ್ಕ ಓದೋದು ಪೂರಾ ನಿಂತತು.”

“ಮತ್ತ ನನಗ್ಯಾಕ ಹೇಳಲಿಲ್ಲ? ನಾನು ಪಾಯಿಂಟ್ ಹೆಚ್ಚಸ್ಕೋತ ಹೊಂಟೀನಿ, ಹುಚ್ಚರಂಗ!”

“ಹೇಳಿದ್ರ ಏನಾಗ್ತಿತ್ತು? ನೀ ಬರ್ತಿದ್ದದ್ದು ಅಕ್ಷರ ತೋರಸ್ಲಿಕ್ಕೆ. ನನಗ ಕಾಣಂಗಿಲ್ಲ ಅಂದ್ರ ನಿನ್ನ ಕೆಲಸ ಮುಗೀತು. ನಾಕು ವರ್ಷ ಈ ಹೊಸ್ತಿಲಾ ತುಳೀಲಾರದಂವ ನೀ.”

ವೈನಿ ಒಳಗೆ ಹೋದರು. ಅಣ್ಣ ಕ್ಯಾಲೆಂಡರ್ ಕಡೆ ತಿರುಗಿದ. “ಗೃಹಪ್ರವೇಶದ ದಿವಸ ಮಂದಿ ಮುಂದ ಹನ್ನೊಂದು ತಪ್ಪು ಓದಬಾರದಿತ್ತು,” ಎಂದ.

ನಾನು ಚಪ್ಪಲಿ ಬಿಟ್ಟು ಒಳಗೆ ಬಂದೆ.

“ಆರು ಓದಿದ್ರ ಸಾಕಿತ್ತು,” ಎಂದ.

“ಅದರಾಗ ಎರಡು ತಪ್ಪೇ ಅಲ್ಲ. ನಿಘಂಟು ನೋಡೀನಿ.”

“ಯಾವ ನಿಘಂಟು?”

ಜಗಳ ಊಟದ ತನಕ ನಡೆಯಿತು. ಹೊರಡುವಾಗ, ಮುಂದಿನ ಗುರುವಾರವೂ ಬರುತ್ತೇನೆ, ಬಸ್ ಪಾಸ್ ತೆಗೆಸಿದ್ದೇನೆ, ಸುಮ್ಮನೆ ಹಾಳಾಗಬಾರದು ಎಂದೆ. ಪಾಸ್ ತೆಗೆಸಿರಲಿಲ್ಲ.

ಜನವರಿ ೧೬, ಗುರುವಾರ

ಹಾಳೆ ಒಯ್ಯಲಿಲ್ಲ. ಕೈ ಬೀಸಿಕೊಂಡು ಹೋಗಲು ನಾಚಿಕೆಯಾಗಿ ಬಸ್ ನಿಲ್ದಾಣದಲ್ಲಿ ಒಂದು ಪೇಪರ್ ಕೊಂಡೆ. ಅದನ್ನೇ ಓದಿ ಹೇಳಿದೆ. ಎರಡು ತಾಸು. ವೈನಿ ನನಗಿಂತ ಚೆನ್ನಾಗಿ ಓದುತ್ತಾರೆ, ಆದರೆ ಅವರು ತಪ್ಪು ಮಾಡುವುದಿಲ್ಲವಾದ್ದರಿಂದ ಅಣ್ಣನಿಗೆ ಉದ್ಯೋಗ ಇರುವುದಿಲ್ಲ. ನಾನು ‘ಪ್ರದಾನಿ’ ಎಂದೆ. “ಪ್ರಧಾನಿ! ಹೊಟ್ಟಿಯಿಂದ ಉಸುರು ಬಿಡು,” ಎಂದ. ಬಿಟ್ಟೆ. ‘ಬೂಮಿ’ ಎಂದೆ. ಮತ್ತೆ ಬಿಡಿಸಿದ. ಊಟದ ಹೊತ್ತಿಗೆ ಓಟದ ಹೋರಿಯಂತೆ ಏದುಸಿರು ಬಿಡುತ್ತಿದ್ದೆ.

ಜನವರಿ ೨೪, ಶುಕ್ರವಾರ

ಪ್ರಕಾಶಕರು ತಾವೇ ಹಾನಗಲ್ಲಿಗೆ ಬಂದಿದ್ದರು. ಮೂರು ಮುಖಪುಟಕ್ಕೆ ಹೋಳಿಗೆ ಒಪ್ಪಿದ್ದಾರೆ. ‘ಷ’ದ ಗೀಟು ಹೊರಗೆ ಬಂದಿರುವುದು ಬಹಳ ಹೊಸತನ, ಇದರ ಹಿಂದಿನ ಚಿಂತನೆ ಏನು ಎಂದು ಕೇಳಿದರು. ಇಂಥ ಪ್ರಶ್ನೆಗೆಂದೇ ಈ ನೋಟ್‌ಬುಕ್ ಇಟ್ಟಿದ್ದೆ. ಆದರೆ ಬಾಯಿಗೆ ಬಂದದ್ದು, “ಮನೀ ಮಂದಿಗೆ ಕಾಣ್ಲಿ ಅಂತ ಮಾಡಿದ್ದ್ರಿ.” ಅವರು ನಕ್ಕರು. ಸಂದರ್ಶನಕ್ಕೆ ನಾನು ಲಾಯಕ್ಕಿಲ್ಲ.

ಫೆಬ್ರವರಿ ೬, ಗುರುವಾರ

ಇವತ್ತು ಓದುವಾಗ ನಾಲ್ಕಾರು ಕಡೆ ತೊಡರಿದೆ. ‘ಮೇವು’ ಎಂಬುದನ್ನು ‘ಸೇವು’ ಎಂದೆ. ಜಾನುವಾರುಗಳಿಗೆ ಸೇವು ಹಂಚಿದರಂತೆ.

“ಯಾಕೋ, ಬಾಯಿಗೇನಾಗ್ಯದ?” ಎಂದ ಅಣ್ಣ.

“ಬೆಳಕು ಕಡಿಮಿ ಅದ ಇಲ್ಲಿ.”

“ಗಂಟಿ ಎಷ್ಟು ಈಗ?”

“ಹನ್ನೊಂದು.”

ಅಣ್ಣ ವೈನಿಯ ಕಡೆ ತಿರುಗಿದ. “ಪದ್ಮಾ, ಪೇಪರ್ ಎಷ್ಟು ದೂರ ಹಿಡದಾನ ಇಂವ?”

ಕಾಯಿಪಲ್ಲೆ ಸೋಸುತ್ತಿದ್ದ ವೈನಿ ತಲೆಯೆತ್ತಿ ನೋಡಿದರು. “ಕೈ ಉದ್ದ ಇದ್ದಷ್ಟೂ ಚಾಚಿ ಆಗ್ಯದ್ರಿ. ಇನ್ನ ಕಾಲಿಲೆ ಹಿಡೀಬೇಕು.”

ಅಣ್ಣ ನಕ್ಕ. ಮೊದಲು ಹೊಟ್ಟೆ ಕುಣಿಯಿತು, ಆಮೇಲೆ ಕುರ್ಚಿ. ಕಣ್ಣಲ್ಲಿ ನೀರು ಬಂತು, ಅದನ್ನು ಪಂಚೆಯ ತುದಿಯಿಂದ ಒರೆ‌ಸಿಕೊಳ್ಳುತ್ತ ಮತ್ತೆ ನಕ್ಕ. ಇವನು ಹೀಗೆ ನಕ್ಕಿದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದು. ಸಿಟ್ಟು ಬರಬೇಕಿತ್ತು. ವೈನಿಯೂ ನಗುತ್ತಿದ್ದುದರಿಂದ ಒಬ್ಬನೇ ಸಿಟ್ಟಾಗುವುದು ಸರಿಕಾಣಲಿಲ್ಲ.

“ಮುಂದಿನ ವಾರ ನಿನ್ನ ಆ ಹೋಳಿಗ್ಯಾಗ ಹಾಕ್ಕೊಂಡು ಬಾ,” ಎಂದ. “ನಿನಗ.”

ಮೃಣಾಲಿನಿ ಕನ್ನಡಕ ಮಾಡಿಸೋಣ ಎನ್ನುತ್ತಿದ್ದಾಳೆ. ಬೇಡ ಎಂದಿದ್ದೇನೆ. ಇಪ್ಪತ್ನಾಲ್ಕು ಪಾಯಿಂಟಿನಲ್ಲಿ ಜಿಲ್ಲಾ ಸುದ್ದಿ ಜೋಡಿಸಿ ಪ್ರಿಂಟಿಗೆ ಕೊಟ್ಟಿದ್ದೇನೆ. ನನ್ನ ಕಣ್ಣಿಗೆ ಏನೂ ಆಗಿಲ್ಲ. ಸವಣೂರಿನಲ್ಲಿ ಹನ್ನೊಂದು ಗಂಟೆಗೆ ಬೆಳಕು ಸ್ವಲ್ಪ ಕಡಿಮೆ.